ನಾಲ್ಕನೆಯ ಸಾಲಿನ ಜಾಗ

ನನ್ನ ವಾರಗಿತ್ತಿ ಪದ್ಯ ಕಟ್ಟುತ್ತಿದ್ದದ್ದು ಹಾಸುಬಟ್ಟೆ ಮಡಚುವಾಗ ಮಾತ್ರ. ಬೇರೆ ಹೊತ್ತಿನಲ್ಲಿ ಯಾರಾದರೂ "ಒಂದು ಪದ್ಯ ಹೇಳಿ" ಎಂದು ಗಂಟುಬಿದ್ದರೆ, "ಈಗ ಕೈಯಲ್ಲಿ ಬಟ್ಟೆ ಇಲ್ಲ, ಹೋಗಿ" ಎಂದು ಅಟ್ಟಿಬಿಡುತ್ತಿದ್ದಳು.

ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದವರು ನಾವು. ಅವಳು ದೊಡ್ಡವಳು, ನಾನು ಅಕ್ಕ ಅಂತಲೇ ಕರೆಯುವುದು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಅಲ್ಲಿ ಇಪ್ಪತ್ತಾರು ವರ್ಷ ಒಬ್ಬರಿಗೊಬ್ಬರು ಎದುರುಬದುರು ನಿಂತು ಬಟ್ಟೆ ಮಡಚಿದೆವು. ಒಂದು ಹಾಸುಬಟ್ಟೆಗೆ ನಾಲ್ಕು ಮಡಿಕೆ. ಮೂರು ಮಡಿಕೆ ದೂರ ನಿಂತೇ ಆಗುತ್ತದೆ. ನಾಲ್ಕನೆಯದಕ್ಕೆ ಅವಳು ನಡೆದು ಬಂದು ತನ್ನ ಕೈಯ ಮೂಲೆಗಳನ್ನು ನನ್ನ ಕೈಗೆ ಇಡಬೇಕು. ಅವಳ ಪದ್ಯವೂ ಅಷ್ಟೇ. ಮಡಿಕೆಗೊಂದು ಸಾಲು, ಮೂಲೆ ಕೈಗಿಡುವಾಗ ಕೊನೆಯ ಸಾಲು. ಆ ಸಾಲು ಯಾವಾಗಲೂ ದೇವರನ್ನು ಕರೆಯುವುದು.

ಕಲೆ ಹೋಗಲಿಲ್ಲವೆಂದು ಬಟ್ಟೆ ಎಸೆಯಲಿಲ್ಲ,
ಮತ್ತೆ ನೆನೆಸಿದೆ, ಮತ್ತೆ ಹಿಂಡಿದೆ,
ಬಿಸಿಲು ಬಂದ ಕಡೆ ಹರವಿದೆ,
ನನ್ನನ್ನೂ ಹಾಗೇ ನೋಡಿಕೋ, ಕಾಯುವವನೇ.

ಕಾಗದಕ್ಕೆ ಬರೆದಿಡುವ ಪದ್ಧತಿ ಇರಲಿಲ್ಲ. ಆ ಹಬೆಯಲ್ಲಿ ಕಾಗದ ಮುದ್ದೆಯಾಗಿಬಿಡುತ್ತಿತ್ತು. ನಾನು ಮೂರನೇ ತರಗತಿಗೆ ಶಾಲೆ ಬಿಟ್ಟವಳು, ಆದರೆ ಕಿವಿಗೆ ಬಿದ್ದದ್ದು ನನ್ನಲ್ಲಿ ಉಳಿಯುತ್ತದೆ. "ಕಾಗದ ಯಾಕೆ, ಇವಳಿದ್ದಾಳಲ್ಲ" ಎಂದು ಅಕ್ಕ ನನ್ನ ತಲೆಯನ್ನು ತಟ್ಟಿ ತೋರಿಸುತ್ತಿದ್ದಳು.

ಅವಳ ಒಬ್ಬಳೇ ಮಗಳು ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಎರಡು ತಿಂಗಳು ಮಲಗಿದ್ದು ತೀರಿಕೊಂಡಳು. ಹತ್ತೊಂಬತ್ತು ವರ್ಷದ ಹುಡುಗಿ. ಮನೆಯಲ್ಲಿ ಕೂರು ಎಂದರೂ ಕೇಳದೆ ಅಕ್ಕ ಹನ್ನೆರಡನೇ ದಿನಕ್ಕೆ ಕೆಲಸಕ್ಕೆ ಬಂದಳು. ಮೊದಲ ಹಾಸು ಬಿಡಿಸಿ ಹಿಡಿದು ಮೆಲ್ಲಗೆ ಹೇಳಿದಳು:

ಮೂರನೇ ಮಹಡಿಯ ಹಾಸು ಕೆಳಗೆ ಬಂತು,
ತೊಳೆದೆ, ಒಣಗಿಸಿದೆ,
ಮಡಚಲು ಕೈ ಏಳಲಿಲ್ಲ.

ನಡೆದು ಬಂದು ಮೂಲೆಗಳನ್ನು ನನ್ನ ಕೈಗಿಟ್ಟಳು. ಕೊನೆಯ ಸಾಲು ಬರಲಿಲ್ಲ. ಅಂದಿನಿಂದ ಅವಳ ಪದ್ಯ ಮೂರು ಸಾಲಿಗೇ ನಿಂತಿತು. ಒಮ್ಮೆ ಅವಳೇ ಹೇಳಿದಳು: "ಕಾಯುವವನೇ ಅಂತ ಯಾವ ಬಾಯಲ್ಲಿ ಕರೀಲಿ? ಅವನು ಕಾದಿದ್ದು ಹೇಗೆ ಅಂತ ನೋಡಿದೀನಲ್ಲ."

ಈ ಪದ್ಯಗಳನ್ನು ಪುಸ್ತಕ ಮಾಡಿಸಬೇಕೆಂದು ಹಟ ಹಿಡಿದವರು ಮೇಲಿನ ವಾರ್ಡಿನ ನರ್ಸಮ್ಮ. ಹೊಸ ಕಾಲದ ಕವಿತೆಗಳನ್ನೆಲ್ಲ ಓದಿಕೊಂಡವರು. ಅಕ್ಕ, "ಹೇಳಿದ್ದನ್ನ ಮತ್ತೆ ಹೇಳೋಕೆ ನನ್ನಿಂದಾಗಲ್ಲ. ಇವಳನ್ನ ಕೇಳಿ" ಎಂದು ಜಾರಿಕೊಂಡಳು. ಊಟದ ಬಿಡುವಿನಲ್ಲಿ ನಾನು ಹೇಳುತ್ತ ಹೋದೆ, ನರ್ಸಮ್ಮ ಬರೆದುಕೊಳ್ಳುತ್ತ ಹೋದರು.

ಅಚ್ಚಿಗೆ ಮುಂಚಿನ ಹಾಳೆಗಳು ಬಂದಾಗ ಅಕ್ಕ ಕನ್ನಡಕ ಏರಿಸಿ ಓದಿದಳು. ಏಳನೇ ತರಗತಿವರೆಗೆ ಕಲಿತವಳು. ಒಂದು ಹಾಳೆಯಲ್ಲಿ ಬೆರಳು ನಿಂತಿತು.

"ಇದೇನೇ ಇದು?"

ಮಡಚಲು ಕೈ ಏಳಲಿಲ್ಲ ಎಂಬುದರ ಕೆಳಗೆ ಇನ್ನೊಂದು ಸಾಲಿತ್ತು: ಆ ಕೊನೆಯ ಮೂಲೆ ನೀನು ಹಿಡಿ, ಕಾಯುವವನೇ. ಹಾಗೆಯೇ ಮೂರು ಸಾಲಿನ ಒಂದೊಂದು ಪದ್ಯದ ಕೆಳಗೂ.

"ಬೇಕಂತ ಸೇರಿಸಿದ್ಯಾ?"

"ಇಲ್ಲ ಅಕ್ಕ. ಬಾಯಿಗೆ ತಾನಾಗೇ ಬಂತು. ನಾಲ್ಕು ಆಗ್ಲೇಬೇಕು ಅಂತ ನಾಲಿಗೆಗೆ ರೂಢಿ ಆಗಿಹೋಗಿದೆ." ಆಮೇಲೆ ನಿಜವನ್ನೂ ಹೇಳಿದೆ: "ನಂಗೆ ಹಾಗಿದ್ರೆ ಚೆಂದ ಅನ್ನಿಸ್ತೇನೋ."

"ಸಾಲು ಚೆನ್ನಾಗೇ ಇದೆ. ಅದಕ್ಕೇ ಮೈ ಉರಿಯೋದು" ಎಂದಳು. "ನಾಳೆ ನಾನು ಸತ್ತರೆ ಓದಿದೋರು ಏನಂತಾರೆ? ಮಗಳು ಹೋದ್ಮೇಲೂ ಈಯಮ್ಮನ ನಂಬಿಕೆ ಗಟ್ಟಿ ಇತ್ತು ಅಂತಾರೆ. ಇರ್ಲಿಲ್ಲ ಕಣೇ. ಅದೊಂದನ್ನಾದ್ರೂ ನಂಗೆ ಬಿಡ್ತೀಯಾ?"

ಮರುದಿನ ಅವಳು ಇಸ್ತ್ರಿ ಮೇಜಿಗೆ ಹೋಗಿ ನಿಂತಳು. ನನ್ನೆದುರು ದಿಂಬಿನ ಚೀಲ ಮಡಚುತ್ತಿದ್ದವಳು ಬಂದಳು. ಅವಳಿಗೂ ನನಗೂ ಮೂಲೆಗೆ ಮೂಲೆ ಸೇರಲೇ ಇಲ್ಲ. ಒಂದು ವಾರ ಮನೆಯಲ್ಲೂ ಅಕ್ಕನದು ಅಳೆದು ತೂಗಿದ ಮಾತು.

ನಾನು ನರ್ಸಮ್ಮನ ಹತ್ತಿರ ತಪ್ಪೊಪ್ಪಿಕೊಂಡು ಆ ಸಾಲುಗಳನ್ನು ಹೊಡೆದು ಹಾಕಿಸಿದೆ. ಅವರು ಅಕ್ಕನನ್ನು ಸಮಾಧಾನ ಮಾಡಲು ಕೆಳಗಿಳಿದು ಬಂದು, "ಈಗಿನ ಪದ್ಯಕ್ಕೆ ನಾಲ್ಕು, ಮೂರು ಅಂತೇನೂ ಇಲ್ಲಮ್ಮ. ಮೂರು ಸಾಲಾದ್ರೂ ಪೂರ್ತಿನೇ" ಎಂದರು.

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ಪೂರ್ತಿ ಅಲ್ಲ ನರ್ಸಮ್ಮ. ಇದು ನಾಲ್ಕು ಸಾಲಿಂದೇ, ಒಂದು ಇಲ್ಲ. ನಾಲ್ಕು ಅನ್ನೋದನ್ನೇ ತೆಗೆದುಬಿಟ್ರೆ ಒಂದು ಇಲ್ಲ ಅಂತ ಗೊತ್ತಾಗೋದು ಹೇಗೆ?"

ಅಲ್ಲೇ ಬಟ್ಟೆ ಮಡಚುತ್ತಿದ್ದ ನನಗೆ ಆ ಮಾತು ನಾಟಿತು. ಅಂದೇ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಅಚ್ಚುಕೂಟ ಹುಡುಕಿಕೊಂಡು ಹೋದೆ. ಅಚ್ಚಿನವನು ಸಾಲು ಹೊಡೆದ ಜಾಗಕ್ಕೆ ಮುಂದಿನ ಪದ್ಯವನ್ನು ಆಗಲೇ ಎಳೆದು ತಂದಿದ್ದ.

"ಆ ಜಾಗ ಹಾಗೇ ಬಿಡಪ್ಪ" ಎಂದೆ.

"ಏನೂ ಇಲ್ಲದ್ದಕ್ಕೆ ಜಾಗ ಯಾಕಜ್ಜಿ? ಅಚ್ಚಿನ ತಪ್ಪು ಅಂತ ನನ್ನನ್ನ ಬೈತಾರೆ."

"ಊಟಕ್ಕೆ ಬರದೋರಿಗೂ ಕೆಲವು ಮನೇಲಿ ತಟ್ಟೆ ಹಾಕ್ತಾರಲ್ಲ, ಹಾಗೆ ಅಂದ್ಕೋ. ಬೈಗುಳ ಬಂದ್ರೆ ನನ್ನ ಕಡೆ ಕಳಿಸು."

ಅವನು ತಲೆ ಕೆರೆದುಕೊಂಡು ನಕ್ಕ, ಆದರೆ ಜಾಗ ಬಿಟ್ಟ.

ಪುಸ್ತಕ ಬಂದ ದಿನ ಅಕ್ಕ ನೇರವಾಗಿ ಆ ಹಾಳೆಗೇ ಹೋದಳು. ಮೂರು ಸಾಲು ಓದಿ, ಅದರ ಕೆಳಗಿನ ಬಿಳಿ ಜಾಗದ ಮೇಲೆ ಬೆರಳನ್ನು ಈ ತುದಿಯಿಂದ ಆ ತುದಿಗೆ ಎಳೆದಳು. ಯಾರು ಮಾಡಿಸಿದ್ದು ಎಂದು ಕೇಳಲಿಲ್ಲ. ಪುಸ್ತಕ ಮುಚ್ಚಿಟ್ಟು ಬಂದು ದಿಂಬಿನ ಚೀಲದವಳಿಗೆ, "ಸಾಕು, ನೀನು ನಿನ್ನ ಚೀಲ ನೋಡ್ಕೋ ಹೋಗು" ಎಂದು ನನ್ನೆದುರು ನಿಂತಳು.

ಈಗ ಇಬ್ಬರೂ ಆಸ್ಪತ್ರೆಯ ಕೆಲಸ ಬಿಟ್ಟಿದ್ದೇವೆ, ಮನೆಯ ಹಾಸುಗಳನ್ನಷ್ಟೇ ಮಡಚುತ್ತೇವೆ. ಅವಳು ಆಗೊಮ್ಮೆ ಈಗೊಮ್ಮೆ ಮೂರು ಸಾಲು ಹೇಳುತ್ತಾಳೆ. ಮೊನ್ನೆ ಮೂಲೆಗಳನ್ನು ನನ್ನ ಕೈಗಿಡುತ್ತ ನನ್ನ ಮುಖವನ್ನೇ ದಿಟ್ಟಿಸಿದಳು.

"ಏನೋ ಗೊಣಗಿದ್ಯಲ್ಲ."

"ಇಲ್ಲಪ್ಪ."

"ತುಟಿ ಅಲ್ಲಾಡ್ತು ಕಣೇ."

"ಅದು ನಂದು ಅಕ್ಕ. ನಿನ್ನ ಪದ್ಯಕ್ಕೆ ಸೇರಿದ್ದಲ್ಲ."

"ಹಾಗಾದ್ರೆ ಸರಿ" ಎಂದು ಅವಳು ಬುಟ್ಟಿಯಿಂದ ಇನ್ನೊಂದು ಹಾಸನ್ನು ಎಳೆದುಕೊಂಡಳು.