ಸಿಂಗಳೀಕಕ್ಕೆ ಅಮೆ ಹಿಡಿದ ಮಾಬ್ಲಣ್ಣ

ಭಾನುವಾರ, ಜೂನ್ ಹದಿನಾಲ್ಕು. ಬೆಳಿಗ್ಗೆ ಆರೂವರೆಗೆ ಬರೆಯಲು ಕೂತೆ.

ಮೃಗಾಲಯಕ್ಕೆ ಬಂದವರೆಲ್ಲ ಪ್ರಾಣಿಗಳ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಮಾಬ್ಲಣ್ಣ ಒಬ್ಬನೇ ಪ್ರಾಣಿಗಳಿಗೆ ಬೆನ್ನು ಹಾಕಿ, ಬಂದವರ ಕಡೆ ಮುಖ ಮಾಡಿ ಕೂರುತ್ತಿದ್ದ. ಗೇಟಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ, ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿದ ಕೊಡೆ, ಬಾಯಲ್ಲಿ ಎಲೆಯಡಿಕೆಯ ಕವಳ. ಅವನ ಕೆಲಸ ಗೇಟು ಕಾಯುವುದು. ಒಮ್ಮೆ ನಾನು, "ನೀನು ಪ್ರಾಣಿಗಳನ್ನ ಒಂದು ದಿನವಾದ್ರೂ ನೋಡಿದ್ದೀಯಾ?" ಎಂದು ಕೇಳಿದ್ದಕ್ಕೆ ಹೇಳಿದ:

"ಅವು ಪಂಜರದಲ್ಲಿ ಇದ್ದಲೇ ತಂಗಿ. ಕಾಯ್ಬೇಕಾದ್ದು ಹೊರಗೆ ಇದ್ದವ್ರನ್ನ."

ನಾನು ಅದೇ ಮೃಗಾಲಯದಲ್ಲಿ ದಾಖಲೆ ಬರೆಯುವವಳು. ಹುಟ್ಟು, ಸಾವು, ತೂಕ, ತಿಂಡಿ, ಬಂದು ಹೋದವರು, ಎಲ್ಲಕ್ಕೂ ನನ್ನ ಹತ್ತಿರ ಲೆಕ್ಕ ಇದೆ. ಶಿರಸಿಯಿಂದ ಯಲ್ಲಾಪುರದ ಕಡೆ ಹೋಗುವ ರಸ್ತೆ ಬದಿಯ ಈ ಮೃಗಾಲಯ ಎಷ್ಟು ದೊಡ್ಡದೆಂದರೆ, ಮನಸ್ಸಿಟ್ಟು ನೋಡಿದರೆ ಅರ್ಧ ಗಂಟೆ ಬೇಕು. ಮನಸ್ಸಿಡದಿದ್ದರೂ ಅರ್ಧ ಗಂಟೆಯೇ. ಬಂದವರು ಹೇಳುವ ದೂರುಗಳನ್ನೂ ನಾನು ಬರೆದಿಡುತ್ತೇನೆ. ಆ ಕಾಲದಲ್ಲಿ ಮೊದಲ ಸ್ಥಾನ "ಹುಲಿ ಇಲ್ಲ" ಎಂಬ ದೂರಿಗೆ. ಎರಡನೆಯದು "ಗೇಟಿನಲ್ಲಿ ಮಾಬ್ಲೇಶ್ವರ ಇದ್ದಾನೆ" ಎಂಬುದಕ್ಕೆ.

ದೂರುವವರದ್ದೂ ತಪ್ಪಲ್ಲ. ಜಿಂಕೆಗೆ ಚಿಪ್ಸ್ ಎಸೆಯುತ್ತಿದ್ದ ಒಬ್ಬರನ್ನು ಅವನು ಬಹಳ ಮರ್ಯಾದೆಯಿಂದ ಮಾತಾಡಿಸಿದ್ದು ನಾನೇ ಕೇಳಿದ್ದೇನೆ.

"ಸಾಹೇಬ್ರೇ, ನಿಮ್ಮದು ಯಾವೂರ ತಳಿ?"

"ಹುಬ್ಬಳ್ಳಿ."

"ಹಾಂ. ಅಲ್ಲಿ ಇನ್ನೂ ಅಳಿವಿನಂಚಿಗೆ ಬರ್ಲಿಲ್ಲ, ಅಲ್ವಾ?"

ಪ್ರಾಣಿಗಳ ಬಗ್ಗೆ ಅವನಿಗೆ ಏನಾದರೂ ಗೊತ್ತಿತ್ತು ಎಂದು ಯಾರೂ ತಿಳಿಯಬಾರದು. ಮುಶ್ಯ ಎಂಬ ಉದ್ದಬಾಲದ ಕೋತಿಗೂ ಸಿಂಗಳೀಕಕ್ಕೂ ವ್ಯತ್ಯಾಸ ಏನು ಎಂದು ಶಾಲೆಯ ಮಕ್ಕಳು ಕೇಳಿದರೆ, "ಒಂದಕ್ಕೆ ಗಡ್ಡ ಇದೆ, ಇನ್ನೊಂದು ಬೋಳಿಸ್ಕಂಡಿದೆ" ಎನ್ನುತ್ತಿದ್ದ. ಮಕ್ಕಳು ಅದನ್ನೇ ಪಟ್ಟಿ ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಗೊತ್ತಿದ್ದದ್ದು ನಮ್ಮ ಡಾಕ್ಟರು ಸುವರ್ಣಾ ಅವರಿಗೆ. ಹಾವೇರಿ ಕಡೆಯವರು. ಸಿಂಗಳೀಕದ ಜೋಡಿಯೊಂದನ್ನು ನಮ್ಮಲ್ಲಿಗೆ ತರಿಸಿ, ಗಂಡು ಹೆಣ್ಣು ಒಂದನ್ನೊಂದು ಒಪ್ಪುವ ತನಕ ತಿಂಗಳುಗಟ್ಟಲೆ ಕಾದವರು ಅವರು. ಸಿದ್ದಾಪುರದ ಘಟ್ಟದ ಕಾಡಿನಲ್ಲಿ ಈ ಕರಿಮೈಯ, ಮುಖದ ಸುತ್ತ ಕೇಸರ ಇರುವ ಮಂಗಗಳು ಇನ್ನೂ ಇವೆ. ಎಷ್ಟು ದಿನ ಇರುತ್ತವೆ ಎಂದು ಹೇಳುವವರಿಲ್ಲ. ಆದ್ದರಿಂದ ನಮ್ಮಲ್ಲಿ ಒಂದು ಮರಿ ಹುಟ್ಟಿ ಬದುಕುವುದು ಸಣ್ಣ ಮಾತಲ್ಲ.

ತಳಿ ಬೆಳೆಸುವುದಕ್ಕೆ ನಮ್ಮಲ್ಲಿ ಸಮಿತಿ ಇರಲಿಲ್ಲ. ಡಾಕ್ಟರೊಬ್ಬರೇ ಸಾಕು ಎಂದು ತೀರ್ಮಾನವಾಗಿತ್ತು. ಹುಟ್ಟಿದ ಮರಿಗೆ ಹೆಸರಿಡುವುದಕ್ಕೆ ಮಾತ್ರ ಸಮಿತಿ ಇತ್ತು. ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರು, ಒಬ್ಬ ಫೋಟೋಗ್ರಾಫರ್. ಇಡೀ ಮೃಗಾಲಯದಲ್ಲಿ ನಿಜವಾಗಿ ವೃದ್ಧಿಯಾಗುತ್ತಿದ್ದ ಜೀವಿ ಎಂದರೆ ಈ ಸಮಿತಿ. ಜಿಂಕೆ ಮರಿಗಳಿಗೆಲ್ಲ ಸದಸ್ಯರ ಮೊಮ್ಮಕ್ಕಳ ಹೆಸರು. ಮೊಮ್ಮಕ್ಕಳು ಮುಗಿದ ಮೇಲೆ ಅದೇ ಹೆಸರುಗಳು ಮತ್ತೆ ಮೊದಲಿನಿಂದ.

ಸಿಂಗಳೀಕದ ಮೊದಲ ಮರಿ ಬೆಳಿಗ್ಗೆ ಹುಟ್ಟಿತು. ಹನ್ನೊಂದು ಗಂಟೆಗೆ ಸಮಿತಿ ಬಂತು, ತೊಟ್ಟಿಲು ಸಮೇತ. ತಾಯಿಗೆ ಅದು ಚೊಚ್ಚಲು. ಕ್ಯಾಮೆರಾ ಬೆಳಕು ಬಿದ್ದ ಹಾಗೆಲ್ಲ ಮರಿ ಎತ್ತಿಕೊಂಡು ಮೇಲಕ್ಕೂ ಕೆಳಕ್ಕೂ ಓಡಿತು. ಕೊನೆಗೆ ಮರಿಯನ್ನು ಹಲಗೆಯ ಮೇಲೆ ಬಿಟ್ಟು ದೂರ ಹೋಗಿ ಕೂತಿತು. ಆಮೇಲೆ ಹತ್ತಿರ ಸೇರಿಸಿಕೊಳ್ಳಲಿಲ್ಲ. ಡಾಕ್ಟರು ಬಾಟಲಿ ಹಾಲು ಕೊಟ್ಟು ನೋಡಿದರು. ಮೂರನೇ ದಿನ ಮರಿ ಹೋಯಿತು. ಸಮಿತಿ ಶೋಕಸಭೆ ನಡೆಸಿತು. ಅದರದ್ದೂ ಫೋಟೋ ಇದೆ, ಎಲ್ಲರೂ ಚೆನ್ನಾಗಿ ಬಂದಿದ್ದಾರೆ.

ಮರಿಯನ್ನು ಹೂಳಲು ಗುಂಡಿ ತೋಡಿದವನು ಮಾಬ್ಲಣ್ಣ. ಆ ದಿನ ಸಂಜೆಯ ತನಕ ಅವನು ಗೇಟಿನಲ್ಲಿ ಯಾರನ್ನೂ ಬೈಯಲಿಲ್ಲ. ನಮಗೆಲ್ಲ ಭಯವಾಯಿತು.

ಮರುವರ್ಷ ಅದೇ ತಾಯಿ ಮತ್ತೆ ಬಸುರಿಯಾಯಿತು. ಡಾಕ್ಟರು ಮೊದಲೇ ಸಮಿತಿಗೆ ಬರೆದು ತಿಳಿಸಿದರು: ಹೆರಿಗೆಯಾದ ಮೇಲೆ ಹತ್ತು ಹನ್ನೆರಡು ದಿನ ಅತ್ತ ಯಾರೂ ಸುಳಿಯಬಾರದು. ಸಮಿತಿ ಅವರ ಕಾಳಜಿಯನ್ನು ಮೆಚ್ಚಿ ಚಪ್ಪಾಳೆ ತಟ್ಟಿತು. "ಶಬ್ದ ಮಾಡಬೇಡಿ" ಎಂಬ ಬೋರ್ಡುಗಳನ್ನೂ ಹಾಕಿಸಿದೆವು. ಬಂದವರು ಅದನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು.

ಮೇ ತಿಂಗಳಲ್ಲಿ ಮರಿ ಹುಟ್ಟಿತು. ಅಂದು ಮಧ್ಯಾಹ್ನ ನೋಡುತ್ತೇನೆ, ಸಿಂಗಳೀಕದ ಕಡೆ ಹೋಗುವ ದಾರಿಗೆ ಮಾಬ್ಲಣ್ಣ ಹಗ್ಗ ಕಟ್ಟಿ, ರಟ್ಟಿನ ಮೇಲೆ ಸುಣ್ಣದಲ್ಲಿ ಎರಡೇ ಶಬ್ದ ಬರೆದು ತೂಗುಹಾಕಿದ್ದಾನೆ: "ಅಮೆ ಇದೆ."

ಮೊದಲು ಓಡಿ ಬಂದವರು ಡಾಕ್ಟರು. "ಮಾಬ್ಲಣ್ಣಾರ, ಆಮಿ ಎಲ್ಲೈತ್ರಿ? ನಮ್ಮ ಲೆಕ್ಕದಾಗ ಆಮಿ ಇಲ್ಲಲ್ಲ!"

"ಆಮೆ ಅಲ್ಲ ಡಾಕ್ಟ್ರೇ, ಅಮೆ. ಕೂಸು ಹುಟ್ಟಿದ ಮನೆಯವ್ರನ್ನ ಹತ್ತು ದಿನ ಯಾರೂ ಮುಟ್ಟೂದಿಲ್ಲ. ಅವ್ರೂ ದೇವಸ್ಥಾನಕ್ಕೆ, ಮದುವೆ ಮುಂಜಿಗೆ ಹೋಗೂದಿಲ್ಲ."

"ಸೂತಕ ಅನ್ರಿ ಹಂಗಾರ. ನಮ್ಮ ಕಡೆ ಹಿರ್ಯಾರು ಅದನ್ನೆಲ್ಲಾ ಎಂದೋ ಬಿಟ್ಟಾರ."

"ನಿಮ್ಮವ್ರು ಬಿಟ್ಟದ್ದು ಒಳ್ಳೇದಾಯ್ತು. ನಮ್ಮವ್ರು ಬಿಡ್ಲಿಲ್ಲ, ಅದು ಇನ್ನೂ ಒಳ್ಳೇದಾಯ್ತು. ನೋಡ್ತಾ ಇರಿ."

ನೋಡಿದೆವು. ವಿಜ್ಞಾನಕ್ಕೆ, ವಿನಂತಿಗೆ, ದಂಡದ ಬೆದರಿಕೆಗೆ ಜಗ್ಗದ ನಮ್ಮೂರ ಜನ ಆ ರಟ್ಟಿನ ಮುಂದೆ ಗಕ್ಕನೆ ನಿಂತರು. ನಕ್ಕರು, ಗೊಣಗಿದರು, ಆದರೆ ಹಗ್ಗ ದಾಟಲಿಲ್ಲ. ಬಯಲುಸೀಮೆಯಿಂದ ಬಂದವರು ಮಾತ್ರ "ಟಿಕೆಟ್ ತಗೊಂಡೀವಿ, ಆಮಿ ತೋರಸ್ರಿ" ಎಂದು ಹಟ ಹಿಡಿದರು. ಅವರನ್ನು ಮಾಬ್ಲಣ್ಣ ಹಿಂದಿನ ಕೊಳಕ್ಕೆ ಕಳಿಸಿದ. "ಮುಳುಗಿ ಕೂತದೆ. ಶಬ್ದ ಮಾಡಿದ್ರೆ ಮೇಲೆ ಬರೂದಿಲ್ಲ." ಆ ಕೊಳದಲ್ಲಿ ಕಪ್ಪೆ ಬಿಟ್ಟರೆ ಏನೂ ಇರಲಿಲ್ಲ. ನಮ್ಮ ಮೃಗಾಲಯ ಕಂಡ ಅತ್ಯಂತ ಶಾಂತ ಪ್ರೇಕ್ಷಕರು ಅವರೇ.

ನಾಲ್ಕನೇ ದಿನ ಅಧ್ಯಕ್ಷರು ಬಂದರು. ರೇಷ್ಮೆ ಶಾಲು, ಫೋಟೋಗ್ರಾಫರ್, ಅದೇ ತೊಟ್ಟಿಲು. ಇಲ್ಲಿ ಫೋಟೋ ಮುಗಿಸಿ, ಅಲ್ಲಿಂದ ಸೀದಾ ದೇವಸ್ಥಾನಕ್ಕೆ ಹೋಗಿ ತಾವೇ ಮಾಡಿಸುವ ಪೂಜೆಗೆ ಕೂರುವವರಿದ್ದರು.

"ಮಂಗಕ್ಕೆ ಎಂತ ಅಮೆಯೋ ಮಾಬ್ಲ? ಹಗ್ಗ ಬಿಚ್ಚು."

"ಮಂಗಕ್ಕೆ ಇಲ್ದಿದ್ರೆ ಇಲ್ಲೆ, ಬಿಡಿ. ಎಂಗಿದ್ದು," ಎಂದು ಮಾಬ್ಲಣ್ಣ ತನ್ನ ಎದೆ ತೋರಿಸಿದ.

"ನಿಂಗೆ ಎಂತಕ್ಕೆ?"

ಫೋಟೋಗ್ರಾಫರ್ ಕಿಸಕ್ಕೆಂದ. "ಇವನೇ ಅಪ್ಪನಾ ಹಾಂಗಾರೆ?"

"ಅಪ್ಪ ಒಳಗೆ ಇದ್ದ," ಎಂದ ಮಾಬ್ಲಣ್ಣ, ಒಂದಿಷ್ಟೂ ನಗದೆ. "ಆನು ದೊಡ್ಡಪ್ಪ. ಅದಕ್ಕೆ ಎನ್ನ ಬಿಟ್ರೆ ದಾಯಾದಿ ಹೇಳಿ ಯಾರಿದ್ದ? ತನ್ನಿ, ತೊಟ್ಲು ಕೈಯಲ್ಲೇ ಕೊಡಿ. ಮುಟ್ಟಿದ್ರೆ ಅಡ್ಡಿಲ್ಲೆ, ಪೂಜೆಗೆ ಕೂರದ್ರೊಳಗೆ ಮಿಂದ್ರೆ ಆತು. ಭಟ್ರಿಗೆ ಫೋನ್ ಮಾಡಿ ಕೇಳಿ ಬೇಕಾರೆ."

ಹೀಗೆನ್ನುತ್ತ ಎರಡೂ ಕೈ ಚಾಚಿ ಮುಂದೆ ಬಂದ. ಅಧ್ಯಕ್ಷರು ಹಿಂದೆ ಸರಿದರು. ಭಟ್ಟರಿಗೆ ಫೋನ್ ಮಾಡಲಿಲ್ಲ. ಮಾಡಿದ್ದರೆ ಭಟ್ಟರು ನಗುತ್ತಿದ್ದರೋ ಏನೋ. ಆದರೆ ಅಂಥ ದಿನ ಅಂಥ ಅಪಾಯವನ್ನು ಯಾರು ಮೈಮೇಲೆ ಎಳೆದುಕೊಳ್ಳುತ್ತಾರೆ? "ನಿನ್ನ ಬಾಯಿ ಒಂದು ದಿನ ನಿನ್ನನ್ನೇ ತಿಂತು ನೋಡು," ಎಂದು ಕಾರು ಹತ್ತಿದರು.

ಅವರ ಮಾತು ನಿಜವಾಗಲು ಒಂದು ದಿನವೂ ಬೇಕಾಗಲಿಲ್ಲ. ಮಾಬ್ಲಣ್ಣನಿಗೆ ಅಮೆಯಂತೆ ಎಂಬ ಸುದ್ದಿ ಸಂಜೆಯೊಳಗೆ ಊರೆಲ್ಲ ಹಬ್ಬಿತು. ಅದೇ ವಾರದಲ್ಲಿ, ಮರಿ ಹುಟ್ಟಿದ ಎಂಟನೇ ದಿನಕ್ಕೆ, ಅವನ ತಂಗಿ ಶಾರದಕ್ಕನ ಮಗಳು ರಮ್ಯಳ ಮದುವೆ. ಮಾಬ್ಲಣ್ಣನಿಗೆ ಹೆಂಡತಿ ಮಕ್ಕಳಿಲ್ಲ. ರಮ್ಯಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬಂದವನು ಇವನೇ. ಸೋದರಮಾವನಾಗಿ ಮದುಮಗಳನ್ನು ಮಂಟಪಕ್ಕೆ ಎತ್ತಿ ತರಬೇಕಾದವನೂ ಇವನೇ. ಅದಕ್ಕೆಂದು ತಂದಿಟ್ಟ ಹೊಸ ಪಂಚೆಯನ್ನು ನಮಗೆಲ್ಲ ಎರಡೆರಡು ಸಲ ತೋರಿಸಿದ್ದ.

ಮಾರನೇ ಬೆಳಿಗ್ಗೆ ಶಾರದಕ್ಕ ಗೇಟಿಗೇ ಬಂದರು.

"ಅಣ್ಣಾ, ತಮಾಷೆಗೆ ಹೇಳಿದ್ದು ಹೇಳಿ ಒಂದು ಮಾತು ಹೇಳ್ಬಿಡು. ಭಟ್ರು ಒಪ್ತ್ರು."

ಮಾಬ್ಲಣ್ಣ ಕವಳ ಅಗಿಯುತ್ತಲೇ ಇದ್ದ. ಉತ್ತರ ಬೇಡವೆನಿಸಿದಾಗೆಲ್ಲ ಅವನ ಬಾಯಲ್ಲಿ ಕವಳ ಇರುತ್ತಿತ್ತು. ಶಾರದಕ್ಕ ಹೋಗದೆ ನಿಂತೇ ಇದ್ದುದರಿಂದ ಕೊನೆಗೆ ಎದ್ದು ಹೋಗಿ ಉಗಿದು ಬಂದ.

"ತಮಾಷೆ ಅಂದ್ರೆ ಅಧ್ಯಕ್ಷರು ಮಧ್ಯಾಹ್ನಕ್ಕೇ ತೊಟ್ಲು ಹಿಡ್ಕಂಡು ಬತ್ರು."

"ಬರ್ಲಿ! ನಿಂಗೆ ಮಂಗನ ಮರಿ ಹೆಚ್ಚಾ, ರಮ್ಯ ಹೆಚ್ಚಾ?"

"ರಮ್ಯಂಗೆ ಎತ್ತಲೆ ಜನ ಸಿಗ್ತ, ಶಾರದೆ."

"ಎತ್ತಲೆ ಸಿಗ್ತ. ಮಾವ ಸಿಗ್ತ್ನಾ?"

ಶಾರದಕ್ಕ ಕಣ್ಣೊರೆಸಿಕೊಂಡು ಬಸ್ಸಿಗೆ ಹೋದರು. ಡಾಕ್ಟರು ಬಂದು, "ನೀವು ಮದವಿಗೆ ಹೋಗ್ರಿ, ನಾ ಇಲ್ಲೇ ಕುಂದರ್ತೀನಿ, ಯಾರನ್ನೂ ಬಿಡೂದಿಲ್ಲ," ಎಂದರು. ಅವನು ಅವರನ್ನು ಕರುಣೆಯಿಂದ ನೋಡಿದ. "ಅಧ್ಯಕ್ಷರು ಬಂದ್ರೆ ನೀವೆಂತ ಹೇಳ್ತೀರಿ ಡಾಕ್ಟ್ರೇ? ಮರಿಗೆ ಜ್ವರ ಬರ್ತದೆ ಅಂತೀರಿ. ಅದಕ್ಕೆಲ್ಲ ಹೆದರೋರಾ ಇವ್ರು?"

ಮದುವೆಗೆ ನಾನೂ ಹೋಗಿದ್ದೆ. ಮಾಬ್ಲಣ್ಣ ಬಂದಿದ್ದ. ಕಲ್ಯಾಣ ಮಂಟಪದ ಹೊರಗೆ, ಅಂಗಳದ ಮೂಲೆಯ ಮಾವಿನ ಮರದ ಕೆಳಗೆ, ಹೊಸ ಪಂಚೆ ಉಟ್ಟು ಕೂತಿದ್ದ. ಯಾರೂ ಹತ್ತಿರ ಬರದಂತೆ ತಾನೇ ಕೈ ಬೀಸಿ ದೂರ ಅಟ್ಟುತ್ತಿದ್ದ. ಒಳಗೆ ದೂರದ ಸಂಬಂಧದ ಮಾವನೊಬ್ಬ ರಮ್ಯಳನ್ನು ಎತ್ತುವಾಗ ಏದುಸಿರು ಬಿಟ್ಟದ್ದು ಕಿಟಕಿಯಿಂದ ಕಂಡು ಇಲ್ಲಿಂದಲೇ ಕೂಗಿದ: "ಸೊಂಟ ಹುಷಾರೋ! ಇವತ್ತು ಮದುವೆ ಒಂದೇ ಸಾಕು!" ಜನ ನಕ್ಕರು. ಶಾರದಕ್ಕ ತಿರುಗಿಯೂ ನೋಡಲಿಲ್ಲ.

ಊಟದ ಹೊತ್ತಿಗೆ ಅಧ್ಯಕ್ಷರ ಕಾರು ಬಂತು. ಇಳಿದವರ ಕಣ್ಣಿಗೆ ಮೊದಲು ಬಿದ್ದದ್ದೇ ಮಾಬ್ಲಣ್ಣ. ಮರದಡಿ ನೆಲದ ಮೇಲೆ ಕೂತು, ದೂರದಿಂದ ಬಡಿಸಿದ ಬಾಳೆಲೆಯಲ್ಲಿ, ಸ್ವಂತ ಸೋದರಸೊಸೆಯ ಮದುವೆಯಲ್ಲಿ ಒಬ್ಬನೇ ಉಣ್ಣುತ್ತಿದ್ದ. ಅಧ್ಯಕ್ಷರು ಸ್ವಲ್ಪ ಹೊತ್ತು ನಿಂತರು. ಆಮೇಲೆ ಶಾಲು ಸರಿಮಾಡಿಕೊಂಡು ಒಳಗೆ ಹೋದರು. ಸುಳ್ಳು ಹೇಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಸಮಿತಿಯ ವರದಿ ಬರೆಯುವವಳೂ ನಾನೇ. ತಾನು ಹೇಳಿದ ಸುಳ್ಳಿನ ಜೊತೆ ಊಟಕ್ಕೂ ಹೊರಗೇ ಕೂತವನನ್ನು ಕಂಡದ್ದು ಅದೊಂದೇ ಸಲ.

ಧಾರೆ ಮುಗಿಸಿದ ರಮ್ಯ ಗಂಡನನ್ನು ಕರೆದುಕೊಂಡು ಹೊರಗೆ ಬಂದಳು. ಒಂದು ಮಾರು ದೂರದಲ್ಲಿ ಮಣ್ಣಿಗೇ ಹಣೆ ಹಚ್ಚಿ ನಮಸ್ಕಾರ ಮಾಡಿದಳು. ಮಾಬ್ಲಣ್ಣ ರಸ್ತೆಯ ಕಡೆ ನೋಡುತ್ತ, "ಹೋಗು ಹೋಗು, ಪಾಯಸ ತಣೀತು," ಎಂದ.

ಹನ್ನೊಂದನೇ ದಿನದ ತನಕ ಸಿಂಗಳೀಕದ ಹತ್ತಿರ ಒಂದು ನರಪಿಳ್ಳೆಯೂ ಬರಲಿಲ್ಲ. ತಾಯಿ ಮರಿಯನ್ನು ಹೊಟ್ಟೆಗೆ ಅವಚಿಕೊಂಡೇ ಇತ್ತು; ಮರಿ ಹಾಲು ಕುಡಿದು, ನಿದ್ದೆ ಮಾಡಿ, ಮತ್ತೆ ಕುಡಿಯಿತು. ಹನ್ನೆರಡನೇ ದಿನ ಸಮಿತಿ ಬಂದು ದೂರದಿಂದ ಒಂದು ಹೆಸರಿಟ್ಟು ಹೋಯಿತು. ಮರಿ ಇನ್ನೂ ಆ ಹೆಸರಿಗೆ ತಿರುಗಿ ನೋಡಿಲ್ಲ.

ಶಾರದಕ್ಕ ಅಣ್ಣನ ಹತ್ತಿರ ಮಾತು ಬಿಟ್ಟಿದ್ದರು. ಮಳೆ ಹಿಡಿಯುವ ಮೊದಲು ಒಂದು ದಿನ ಟಿಕೆಟ್ ತೆಗೆಸಿ, ಗೇಟಿನಲ್ಲಿ ಅವನ ಮುಖ ನೋಡದೆ, ಸೀದಾ ಸಿಂಗಳೀಕದ ಮುಂದೆ ಹೋಗಿ ನಿಂತರು. ಮರಿ ತಾಯಿಯ ತೋಳಿನ ಸಂದಿಯಿಂದ ಸುಕ್ಕು ಮುಖ ಹೊರಗೆ ಹಾಕಿ ಇವರನ್ನೇ ದುರುಗುಟ್ಟಿ ನೋಡಿತು. ಶಾರದಕ್ಕ ಬಹಳ ಹೊತ್ತು ನೋಡಿ, ವಾಪಸು ಬರುವಾಗ ಗೇಟಿನಲ್ಲಿ ನಿಂತರು.

"ಮೋರೆ ನಿನ್ನ ಹಾಂಗೇ ಇದ್ದಲೋ ಅಣ್ಣಾ," ಎಂದರು. "ಬಂದವ್ರ ಕಂಡ್ರೆ ಆಗ್ತಿಲ್ಲೆ."

ಮಾಬ್ಲಣ್ಣ ಏನೋ ಹೇಳಲು ಹೋದ. ಬಾಯಲ್ಲಿ ಕವಳ ಇರಲಿಲ್ಲ, ಆದರೂ ಮಾತು ಬರಲಿಲ್ಲ.

ಕಳೆದ ವರ್ಷ ಅವನ ಗುತ್ತಿಗೆ ಮುಗಿಯಿತು. ಗೇಟಿಗೆ ಯಂತ್ರ ಬಂತು. ಅದು ಚಿಪ್ಸ್ ಎಸೆಯುವವರಿಗೂ ಒಂದೇ ದನಿಯಲ್ಲಿ "ಸ್ವಾಗತ" ಎನ್ನುತ್ತದೆ, ದೂರುಗಳು ಕಡಿಮೆಯಾಗಿವೆ. ಹೋಗುವ ದಿನ ಮಾಬ್ಲಣ್ಣ ನನಗೆ, "ಬರ್ತೆ ತಂಗಿ," ಎಂದಷ್ಟೇ ಹೇಳಿ ಬಸ್ಸು ಹತ್ತಿದ. ಯಾರೋ ಇಡಗುಂದಿಯಲ್ಲಿ ತೋಟ ಕಾಯುತ್ತಿದ್ದಾನೆ ಎಂದರು, ಇನ್ಯಾರೋ ದಾಸನಕೊಪ್ಪದ ಅಂಗಡಿಯೊಂದರ ಮುಂದೆ ಕಂಡೆವು ಎಂದರು. ಎರಡೂ ಕಡೆ ವಿಚಾರಿಸಿದೆ. ಎರಡೂ ಕಡೆ ಅವನಿಂದ ಬೈಸಿಕೊಂಡವರು ಸಿಕ್ಕಿದರು, ಅವನು ಸಿಗಲಿಲ್ಲ. ಅವನ ಹತ್ತಿರ ಫೋನಿಲ್ಲ. ಅಪರೂಪಕ್ಕೆ ಯಾರದ್ದೋ ಫೋನಿನಿಂದ ತಂಗಿಗೆ ಮಾತಾಡುತ್ತಾನಂತೆ. ಎಲ್ಲಿದ್ದೀ ಎಂದು ಕೇಳಿದರೆ ಮಳೆ ಹೇಗಿದೆ ಎಂದು ಕೇಳುತ್ತಾನಂತೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನಮ್ಮ ಹೆಣ್ಣು ಸಿಂಗಳೀಕ ಮತ್ತೆ ತುಂಬು ಬಸುರಿ. ಅಧ್ಯಕ್ಷರು ತೊಟ್ಟಿಲಿಗೆ ಹೊಸ ಬಣ್ಣ ಹೊಡೆಸಿದ್ದಾರೆ. ನಿನ್ನೆ ನಾನೇ ಮುಂಚಿತವಾಗಿ ಒಂದು ಬೋರ್ಡು ಬರೆದು ತೋರಿಸಿದೆ. ಅವರು ಓದಿ, "ಅಮೆ ಯಾರಿಗೆ?" ಎಂದು ಕೇಳಿದರು. ನಮ್ಮ ಸಿಬ್ಬಂದಿಯೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬರ ಮನೆಯಲ್ಲಿ ಉಪನಯನ, ಇನ್ನೊಬ್ಬರದ್ದು ಗೃಹಪ್ರವೇಶ. ನಾನೂ ಬೋರ್ಡನ್ನು ತಿರುಗಿಸಿ ಗೋಡೆಗೆ ಒರಗಿಸಿಟ್ಟೆ.

ಆದ್ದರಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎಲ್ಲಿಯಾದರೂ, ಕಾಲರಿಗೆ ಕೊಡೆ ಸಿಕ್ಕಿಸಿಕೊಂಡ ಒಬ್ಬ ಕಾವಲುಗಾರ ನಿಮ್ಮನ್ನು ವಿನಾಕಾರಣ ಹಂಗಿಸಿದ್ದರೆ, ಸಿಟ್ಟು ಮಾಡಿಕೊಳ್ಳದೆ ಈ ಬರಹ ಬಂದ ಪತ್ರಿಕೆಯ ವಿಳಾಸಕ್ಕೆ, 'ಮೃಗಾಲಯದ ದಾಖಲೆಯವಳಿಗೆ' ಎಂದು ಎರಡು ಸಾಲು ಬರೆಯಿರಿ. ಊರ ಹೆಸರು, ಬಸ್ಸು ಎಲ್ಲಿ ಇಳಿಯಬೇಕು, ಇಷ್ಟು ಸಾಕು. ಕರೆದು ತರಲು ಶಾರದಕ್ಕ ತಾವೇ ಹೋಗುತ್ತಾರಂತೆ. "ಎಂಗಳ ಮನೇಲಿ ಈ ವರ್ಷ ಎಂತ ಮಂಗಲಕಾರ್ಯವೂ ಇಲ್ಲೆ, ಆರಾಮಾಗಿ ಬಾ ಹೇಳಿ ಬರಿ," ಎಂದಿದ್ದಾರೆ.