ಸೆಲ್ಫ್ ಮಾಮ ಕೈಯಾರೆ ಕೆಡಿಸಿದ ಗಾಡಿ

ನನ್ನ ತಮ್ಮನನ್ನು ನಮ್ಮ ಬೀದಿಯವರೆಲ್ಲ ಸೆಲ್ಫ್ ಮಾಮ ಎಂದೇ ಕರೆಯುತ್ತಿದ್ದರು. ಯಾರ ಸ್ಕೂಟರ್ ಬೆಳಿಗ್ಗೆ ಹಟ ಹಿಡಿದರೂ, ಯಾರ ಆಟೋ ಕೆಮ್ಮಿ ನಿಂತರೂ, ಇವನು ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು ಓಡಬೇಕು. ಬ್ರಷ್ಷನ್ನು ದವಡೆಗೆ ಸಿಕ್ಕಿಸಿಕೊಂಡು, ಅಲ್ಲೊಂದು ವೈರು ಎಳೆದು, ಇಲ್ಲೊಂದು ನಟ್ಟು ತಿರುಗಿಸಿ, "ಹ್ಞೂಂ, ಸೆಲ್ಫ್ ಹೊಡೀರಿ" ಎನ್ನುತ್ತಿದ್ದ. ಗಾಡಿ ಹತ್ತಿಕೊಳ್ಳುತ್ತಿತ್ತು. ಊರಿನವರ ಗಾಡಿಗೆಲ್ಲ ಇವನು ಬೇಕು, ಮನೆಯ ಬಚ್ಚಲಲ್ಲಿ ತೊಟ್ಟಿಕ್ಕುವ ನಲ್ಲಿಗೆ ಒಂದು ವಾಷರ್ ಹಾಕೋ ಎಂದು ನಾನು ಬಾಯಿ ಬಡಕೊಂಡರೆ ಮಾತ್ರ ಕಿವಿ ಕೇಳುತ್ತಿರಲಿಲ್ಲ. ಮದುವೆಯನ್ನೂ ಮಾಡಿಕೊಳ್ಳಲಿಲ್ಲ. ಕೇಳಿದವರಿಗೆ, "ಅಕ್ಕ ಬೈಯೋದೇ ಹೊಟ್ಟೆ ತುಂಬುತ್ತೆ, ಇನ್ನೊಬ್ಬರು ಯಾಕೆ" ಎಂದು ಹಲ್ಲು ಕಿರಿಯುತ್ತಿದ್ದ. ಗಂಡ ಹೋದ ಮೇಲೆ ನಾನೂ ಅವನ ಮನೆಯಲ್ಲೇ ಇದ್ದೇನೆ, ಬೈದುಕೊಂಡು.

ಅವನ ಕೆಲಸ ಊರಾಚೆಯ ಡಿಪೋದಲ್ಲಿ. ಸೈನ್ಯಕ್ಕೆ ಬೇಡವಾದ ಉಕ್ಕಿನ ಗಾಡಿಗಳನ್ನೆಲ್ಲ ತಂದು ಅಲ್ಲಿ ಸಾಲುಸಾಲಾಗಿ ನಿಲ್ಲಿಸುತ್ತಾರೆ. ನಮ್ಮ ಬಾಯಲ್ಲಿ ಎಲ್ಲವೂ ಟ್ಯಾಂಕೇ. ಅವನಿಗೆ ಅದು ಕೇಳಿದರೆ ಮೈ ಉರಿಯುತ್ತಿತ್ತು. "ಟ್ಯಾಂಕ್ ಅಲ್ಲ ಅಕ್ಕ, ಕ್ಯಾರಿಯರ್. ಟ್ಯಾಂಕಿಗೆ ದೊಡ್ಡ ತೋಪಿರುತ್ತೆ. ಇದು ಹೊಟ್ಟೇಲಿ ಹುಡುಗರನ್ನ ಕೂರಿಸ್ಕೊಂಡು ಹೋಗೋ ಗಾಡಿ ಅಷ್ಟೇ" ಎಂದು ಸಾವಿರ ಸಲ ಹೇಳಿದ್ದಾನೆ. ಬೇಡವಾದದ್ದು ಎಂದು ಅವನ್ನು ಸುಮ್ಮನೆ ಬಿಟ್ಟುಬಿಡುವ ಹಾಗಿಲ್ಲವಂತೆ. ತಿಂಗಳಿಗೊಮ್ಮೆ ಒಂದೊಂದನ್ನೂ ಸ್ಟಾರ್ಟ್ ಮಾಡಿ, ಸ್ವಲ್ಪ ಮುಂದೆ ಸ್ವಲ್ಪ ಹಿಂದೆ ಓಡಿಸಬೇಕು. ಇಲ್ಲದಿದ್ದರೆ ಎಂಜಿನ್ ಹಿಡಿದುಕೊಳ್ಳುತ್ತದೆ, ಚಕ್ರಗಳ ಸುತ್ತ ಸುತ್ತಿರುವ ಉಕ್ಕಿನ ಚೈನಿನ ರಬ್ಬರ್ ಒಂದೇ ಕಡೆ ಚಪ್ಪಟೆಯಾಗುತ್ತದೆ. ಮುಂದೆ ಕೆಲವು ಗುಜರಿಗೆ ಹೋಗುತ್ತವೆ, ಕೆಲವು ಯಾವುದೋ ಪಾರ್ಕಿನಲ್ಲಿ ಬಣ್ಣ ಬಳಿಸಿಕೊಂಡು ನಿಲ್ಲುತ್ತವೆ, ಕೆಲವನ್ನು ಯಾವುದೋ ದೇಶದ ಸೈನ್ಯ ಕೊಂಡುಕೊಳ್ಳುತ್ತದೆ. ದೊಡ್ಡವರು ಅದನ್ನು ತೀರ್ಮಾನ ಮಾಡುವ ತನಕ ಅವುಗಳ ಜೀವ ಹಿಡಿದಿಡುವುದು ನನ್ನ ತಮ್ಮನ ಪಾಲಿನ ಕೆಲಸ.

ಹಿಂದೆ ಅವನೂ ಸೈನ್ಯದಲ್ಲಿದ್ದವನೇ, ಇಂಥದೇ ಗಾಡಿಯ ಡ್ರೈವರ್. ಎದುರು ಮನೆಯ ಇಸ್ತ್ರಿ ಅಮ್ಮನ ಒಬ್ಬನೇ ಮಗನೂ ಅವನ ಜೊತೆಗೇ ಇದ್ದ, ಅದೇ ಗಾಡಿಯಲ್ಲಿ, ಡ್ರೈವರ್ ಬೆನ್ನ ಹಿಂದಿನ ಸೀಟಿನಲ್ಲಿ. ಇಬ್ಬರೂ ಚಡ್ಡಿ ಹಾಕಿಕೊಂಡು ಬೀದಿಯಲ್ಲಿ ಓಡಾಡುವ ಕಾಲದಿಂದ ಅಂಟಿಕೊಂಡವರು. ಯುದ್ಧದಲ್ಲಿ ಏನೋ ಒಂದು ಪಕ್ಕದ ಉಕ್ಕನ್ನು ತೂತು ಮಾಡಿಕೊಂಡು ಒಳಗೆ ನುಗ್ಗಿತು. ನನ್ನ ತಮ್ಮನ ಬೆನ್ನ ಮೇಲೆ ಒಂದು ಗೀರು ಬಿತ್ತು, ಹಿಂದೆ ಕೂತವನು ಕೂತಲ್ಲೇ ಹೋದ. ಆ ಗಾಡಿಗೆ ತೇಪೆ ಹಾಕಿ, ಬಣ್ಣ ಬಳಿದು, ಸೈನ್ಯದವರು ಮತ್ತೆ ವರ್ಷಗಟ್ಟಲೆ ಓಡಿಸಿದರು. ಸೈನ್ಯ ಬಿಟ್ಟು ಬಂದು ಡಿಪೋ ಸೇರಿದ ನನ್ನ ತಮ್ಮ ಒಂದು ದಿನ ನೋಡುತ್ತಾನೆ, ಪಕ್ಕದ ತೇಪೆ ಸಮೇತ ಅದೇ ಗಾಡಿ ಅಲ್ಲಿ ಸಾಲಿನಲ್ಲಿ ನಿಂತಿದೆ.

ಕಂಡರೆ ಕಂಡಿತು, ಬಾಯಿ ಮುಚ್ಚಿಕೊಂಡಿರಬೇಕೋ ಬೇಡವೋ? ಈ ಪೆದ್ದ ನೆಟ್ಟಗೆ ಹೋಗಿ ಇಸ್ತ್ರಿ ಅಮ್ಮನಿಗೆ ಹೇಳಿದ. ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು.

"ಇನ್ನೂ ಓಡುತ್ತಾ ಅದು?" ಎಂದು ಕೇಳಿದಳು.

"ಓಡುತ್ತೆ ದೊಡ್ಡಮ್ಮ. ನಾನೇ ಸ್ಟಾರ್ಟ್ ಮಾಡಿದೆ."

"ನನ್ನ ಮಗ ಇಲ್ಲ. ಅದು ಮಾತ್ರ ಓಡುತ್ತೆ" ಎಂದಳು. ಆಮೇಲೆ ಅವನ ಕೈ ಹಿಡಿದುಕೊಂಡು, "ನೋಡು ಮಗಾ, ನಾನು ನಿನ್ನ ಏನೂ ಕೇಳಿದವಳಲ್ಲ. ಅದನ್ನ ಚೂರು ಚೂರು ಮಾಡೋದನ್ನ ನಾನು ಕಣ್ಣಾರೆ ನೋಡಬೇಕು. ಇನ್ನೊಬ್ಬಳ ಮಗ ಅದರೊಳಗೆ ಕೂರಬಾರದು" ಎಂದಳು.

ಇವನು ಆಗಲಿ ಎಂದುಬಿಟ್ಟ. ಯಾರನ್ನು ಕೇಳಿ ಆಗಲಿ ಎಂದನೋ ದೇವರೇ ಬಲ್ಲ. ಅದೃಷ್ಟಕ್ಕೆ ಆ ಗಾಡಿ ಗುಜರಿಯ ಸಾಲಿನಲ್ಲೇ ಇತ್ತು. ಇವತ್ತಲ್ಲ ನಾಳೆ ಗ್ಯಾಸ್ ಕಟ್ಟರಿನ ಬಾಯಿಗೆ ಬೀಳುವುದೇ. ಇಸ್ತ್ರಿ ಮಾಡಿದ ಬಟ್ಟೆ ಕೊಡಲು ಬಂದಾಗಲೆಲ್ಲ ಅವಳು "ಯಾವಾಗ?" ಎನ್ನುವಳು, ಇವನು "ಸರದಿ ಬರ್ಲಿ ದೊಡ್ಡಮ್ಮ" ಎನ್ನುವನು. ಅವರಿಬ್ಬರ ನಡುವೆ ಬೇರೆ ಕ್ಷೇಮಸಮಾಚಾರವೇ ಇರಲಿಲ್ಲ.

ಹೀಗಿರುವಾಗ ಒಂದು ಸಂಜೆ ಇವನು ಮನೆಗೆ ಬಂದವನೇ ಚಪ್ಪಲಿಯನ್ನೂ ಬಿಡದೆ ತಲೆ ಮೇಲೆ ಕೈ ಹೊತ್ತು ಕೂತ.

"ಯಾಕೋ, ಕೆಲಸದಿಂದ ತೆಗೆದ್ರಾ?"

"ಅದಾದ್ರೂ ಆಗಿದ್ರೆ ಚೆನ್ನಾಗಿತ್ತು" ಎಂದ. ಹೊರದೇಶದಿಂದ ಗಾಡಿ ಕೊಳ್ಳುವವರು ಬರುತ್ತಾರಂತೆ. ಅವರಲ್ಲಿ ಯುದ್ಧ ಹತ್ತಿಕೊಂಡಿದೆ, ಸಿಕ್ಕಿದ್ದೆಲ್ಲ ಬೇಕು. ಗುಜರಿಯ ಸಾಲನ್ನೂ ನೋಡುತ್ತಾರೆ. ಸ್ಟಾರ್ಟ್ ಆದದ್ದು ಹಡಗಿಗೆ, ಆಗದ್ದು ಗುಜರಿಗೆ.

"ನಿನ್ನ ಗಾಡಿ?"

"ಮುಟ್ಟಿದ್ರೆ ಸಾಕು, ಹತ್ತಿಕೊಳ್ಳುತ್ತೆ" ಎಂದ. ಬೇರೆ ದಿನವಾಗಿದ್ದರೆ ಆ ಮಾತನ್ನು ಎದೆಯುಬ್ಬಿಸಿ ಹೇಳುತ್ತಿದ್ದ.

ಆ ರಾತ್ರಿ ಊಟದ ತಟ್ಟೆಯ ಮುಂದೆ ಕೂತೇ ಒಂದು ಉಪಾಯ ಮಾಡಿದ. ಡೀಸೆಲ್ ಪೈಪಿನೊಳಗೆ ಒಂದು ರಬ್ಬರ್ ತುಂಡು ತುರುಕಿಬಿಟ್ಟರೆ ಆಯಿತು, ಸೆಲ್ಫ್ ಎಷ್ಟು ಹೊಡೆದರೂ ಎಂಜಿನ್ ಏಳುವುದಿಲ್ಲ. ಸಿಕ್ಕಿಬಿದ್ದರೆ ಏನು ಗತಿಯೋ ಎಂದೆ. "ಹಳೇ ಗಾಡಿ, ಕೈಕೊಡ್ತು ಅಂತೀನಿ. ಹುಟ್ಟಿದಾಗಿನಿಂದ ಒಂದು ಗಾಡೀನೂ ಕೆಡಿಸಿದವನಲ್ಲ ಅಕ್ಕ, ಇದೊಂದು ಕೆಡಿಸ್ತೀನಿ" ಎಂದ. ಹೇಳುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ.

ಕೊಳ್ಳುವವರು ಬಂದರು. ಬಿಸಿಲಿಗೆ ಟೋಪಿ ಹಾಕಿಕೊಂಡು ಸಾಲಿನುದ್ದಕ್ಕೂ ನಡೆದರು. ಒಂದೊಂದೇ ಗಾಡಿ ಕಪ್ಪು ಹೊಗೆ ಉಗುಳಿ ಗುಡುಗಿತು. ಇವನ ಸರದಿ ಬಂತು. ಸೆಲ್ಫ್ ಹೊಡೆದ, ಗೊರಗೊರ ಎಂದಿತು, ನಿಂತಿತು. ಮತ್ತೆ ಹೊಡೆದ, ಮತ್ತೆ ಅದೇ ಗೊರಗೊರ. "ಏನೋ ಸೆಲ್ಫ್ ಮಾಮ, ನಿನ್ನ ಗಾಡೀನೇ ಕೈಕೊಡ್ತಾ!" ಎಂದು ಜೊತೆಯವರು ಬಿದ್ದು ಬಿದ್ದು ನಕ್ಕರಂತೆ. ಇವನು ಬೆವರು ಒರೆಸಿಕೊಂಡು ಮುಖ ಸಪ್ಪೆ ಮಾಡಿ ಇಳಿದ. ಡಿಪೋದ ಸಾಹೇಬರು ಗಾಡಿಯ ಮೂತಿಯ ಮೇಲೆ ಕೆಂಪು ಬಣ್ಣದಲ್ಲಿ ಗೀಟು ಎಳೆಸಿದರು.

ಆ ಸಂಜೆ ಅವನು ಬೀದಿಯ ತುದಿಯಿಂದಲೇ ಕೂಗಿಕೊಂಡು ಬಂದ. "ದೊಡ್ಡಮ್ಮ, ಮಾತು ಉಳಿಸ್ಕೊಂಡೆ! ಕತ್ತರಿಸೋದು ಗ್ಯಾರಂಟಿ!" ಇಸ್ತ್ರಿ ಅಮ್ಮ ಅವನ ತಲೆ ನೇವರಿಸಿ, ಅವನ ಡಿಪೋ ಶರ್ಟನ್ನು ಬಲವಂತವಾಗಿ ಇಸಿದುಕೊಂಡು ಹೋಗಿ, ಗೆರೆ ಬೀಳುವ ಹಾಗೆ ಇಸ್ತ್ರಿ ಮಾಡಿ ತಂದಳು. "ಗ್ರೀಸ್ ಬಳ್ಕೊಳ್ಳೋ ಶರ್ಟಿಗೆ ಇದೆಂಥಾ ಶೋಕಿ" ಎಂದು ನಾನು ರೇಗಿಸಿದೆ. ಮೂವರೂ ನಕ್ಕೆವು. ಆಮೇಲೆ ನಮ್ಮ ಮನೆಯಲ್ಲಿ ಹಾಗೆ ನಕ್ಕಿದ್ದು ನನಗೆ ನೆನಪಿಲ್ಲ.

ಎರಡು ದಿನ ಬಿಟ್ಟು ಸಾಹೇಬರು ಇವನನ್ನು ಕರೆದರು. ಕೊಂಡವರಿಗೆ ಬಿಡಿಭಾಗ ಸಾಲುತ್ತಿಲ್ಲವಂತೆ. ಓಡುವ ಗಾಡಿಗಳಲ್ಲೂ ಒಂದರ ಚೈನು ಸವೆದಿದೆ, ಇನ್ನೊಂದರ ಎಂಜಿನ್ ಎಣ್ಣೆ ಕುಡಿಯುತ್ತದೆ, ಕೆಲವುಗಳ ಸೀಟನ್ನು ಇಲಿ ತಿಂದಿದೆ. ಕೆಂಪು ಗೀಟು ಬಿದ್ದ ಗಾಡಿಗಳಿಂದ ಬರುವುದನ್ನೆಲ್ಲ ಬಿಚ್ಚಿ ಅವಕ್ಕೆ ಹಾಕಬೇಕು. "ನಿನ್ನ ಗಾಡಿ ನಿನಗೇ ಚೆನ್ನಾಗಿ ಗೊತ್ತು, ಅದನ್ನ ನೀನೇ ಬಿಚ್ಚು" ಎಂದು ಸ್ಪ್ಯಾನರ್ ಕೈಗೆ ಕೊಟ್ಟರು. ನೋಡಿ ಇವನ ಹಣೆಬರಹ! ಸ್ಟಾರ್ಟ್ ಆಗಿದ್ದರೆ ಒಂದು ಗಾಡಿಯಾಗಿ ಹೋಗುತ್ತಿತ್ತು. ಈಗ ಅದು ಹತ್ತು ಗಾಡಿಯ ಮೈ ಸೇರಿತು.

ಇವನು ಬಿಚ್ಚಿದ. ಎಂಜಿನ್ ಹೊರಗೆ ತೆಗೆದು ಬೇರೆ ಪೈಪು ಕೊಟ್ಟು ನೋಡಿದರೆ ಒಂದೇ ಸಲಕ್ಕೆ ಹತ್ತಿಕೊಂಡಿತು. ಸಾಹೇಬರು ಬೆನ್ನು ತಟ್ಟಿ, "ಎಷ್ಟು ಚೆನ್ನಾಗಿ ಇಟ್ಟಿದ್ದೀಯಪ್ಪಾ" ಎಂದರು. ಸೀಟುಗಳೂ ಹೊಸದರ ಹಾಗಿದ್ದವು. ಗೆಳೆಯ ಕೂತಿದ್ದ ಜಾಗ ಎಂದು ಇವನೇ ಪ್ಲಾಸ್ಟಿಕ್ ಹೊದಿಸಿ, ಇಲಿ ಬಾರದ ಹಾಗೆ ಕಾಪಾಡಿದ್ದನಲ್ಲ! ಡ್ರೈವರ್ ಹಿಂದಿನ ಸೀಟು ಬಂದಾಗ ಕೈ ನಿಂತುಹೋಯಿತಂತೆ.

"ಸರ್, ಇದೊಂದು ಬಿಟ್ಬಿಡೋಣ. ಹರಿದಿದೆ."

ಸಾಹೇಬರು ಅಂಗೈಯಿಂದ ಒತ್ತಿ ನೋಡಿದರು. "ಎಲ್ಲಿ ಹರಿದಿದೆ? ಚೆನ್ನಾಗೇ ಇದೆಯಲ್ಲ. ಬಿಚ್ಚಿ ಆ ಗಾಡಿಗೆ ಹಾಕು."

ಇದನ್ನೆಲ್ಲ ಅವನು ನನಗೆ ಹೇಳಿದ್ದು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು, ಎಂಟು ವರ್ಷದ ಮಗುವಿನ ಹಾಗೆ ಬಿಕ್ಕುತ್ತಾ. ನನಗೆ ಸಿಟ್ಟು ನೆತ್ತಿಗೇರಿತು. "ಆಗಲ್ಲ ಅನ್ನೋಕೆ ನಿನಗೆ ಬಾಯಿರಲಿಲ್ವಾ?"

"ನಾನು ಆಗಲ್ಲ ಅಂದ್ರೆ ಇನ್ನೊಬ್ಬ ಬಿಚ್ತಿದ್ದ ಅಕ್ಕ. ಅವನು ಎಸೆದು ಬಿಸಾಕಿ ಬಿಚ್ತಿದ್ದ."

ಇನ್ನಾದರೂ ಬಾಯಿಗೆ ಬೀಗ ಹಾಕಿಕೋ ಎಂದೆ. ಅವಳು ಕತ್ತರಿಸುವುದನ್ನು ನೋಡಲಿ, ನೋಡಿ ನೆಮ್ಮದಿಯಿಂದ ಮನೆಗೆ ಬರಲಿ, ಉಳಿದದ್ದು ಅವಳಿಗೆ ಯಾಕೆ? ಅವನು ತಲೆಯಾಡಿಸಿದ.

ಕತ್ತರಿಸುವ ದಿನ ನಾವು ಮೂವರೂ ಆಟೋದಲ್ಲಿ ಹೋದೆವು. ಇಸ್ತ್ರಿ ಅಮ್ಮ ಒಗೆದ ಸೀರೆ ಉಟ್ಟಿದ್ದಳು. ತಂತಿಬೇಲಿಯ ಈಚೆ ಅವಳಿಗೊಂದು ಕುರ್ಚಿ ಹಾಕಿಸಿದ್ದರು. ಚೈನಿಲ್ಲದ ಗಾಡಿ ಮರದ ದಿಮ್ಮಿಗಳ ಮೇಲೆ ಕೂತಿತ್ತು. ಕಪ್ಪು ಕನ್ನಡಕದವನು ಗ್ಯಾಸ್ ಕಟ್ಟರಿಗೆ ಬೆಂಕಿ ಹಚ್ಚಿದ, ಬಣ್ಣ ಸುಟ್ಟ ಕಮಟು ವಾಸನೆ ಮೂಗಿಗೆ ಬಡಿಯಿತು. ಮೊದಲ ತುಂಡು ದಡಾರನೆ ಬಿದ್ದಾಗ ಅವಳು ಕಣ್ಣು ಮಿಟುಕಿಸಲಿಲ್ಲ. "ಬೀಳು, ಬೀಳು" ಎಂದು ಮೆಲ್ಲಗೆ ಹೇಳುತ್ತಿದ್ದಳು. ನನ್ನ ತಮ್ಮ ಅವಳ ಹಿಂದೆ ನಿಂತು ನೆಲ ನೋಡುತ್ತಿದ್ದ. ಆಮೇಲೆ ಪಕ್ಕದ ಗೋಡೆ ಪೂರ್ತಿ ಕಳಚಿಬಿತ್ತು. ಒಳಗಿನದೆಲ್ಲ ಕಾಣಿಸಿತು. ಒಳಗೆ ಏನೂ ಇರಲಿಲ್ಲ, ನಾಲ್ಕು ವೈರು ಜೋತಾಡುತ್ತಿದ್ದವು ಅಷ್ಟೇ.

ಇಸ್ತ್ರಿ ಅಮ್ಮ ಎದ್ದು ನಿಂತಳು. "ಇದೇನು, ಬರೀ ಡಬ್ಬ? ನನ್ನ ಮಗ ಕೂತಿದ್ದ ಸೀಟೆಲ್ಲಿ?"

ಮೊದಲೇ ಸುಟ್ಟರು ಅನ್ನೋ, ಅನ್ನೋ, ಎಂದು ನಾನು ಕಣ್ಣಲ್ಲೇ ಬಡಕೊಂಡೆ. ನನ್ನ ತಮ್ಮನಿಗೆ ಅವಳ ಮುಂದೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

"ಬಿಚ್ಚಿದ್ರು ದೊಡ್ಡಮ್ಮ. ಬೇರೆ ಗಾಡಿಗೆ ಹಾಕಿದಾರೆ. ಎಂಜಿನ್ನು, ಚೈನು, ಎಲ್ಲಾನೂ. ಅವು ಹಡಗು ಹತ್ತಿ ಆಯ್ತು."

"ಬಿಚ್ಚಿದ್ದು ಯಾರು?"

"ನಾನೇ."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮನೆಗೆ ಹೋಗೋಣ" ಎಂದಳು. ನಮ್ಮ ಬೆನ್ನ ಹಿಂದೆ ಇನ್ನೂ ಕತ್ತರಿಸುತ್ತಲೇ ಇದ್ದರು.

ಅವಳು ಬೈದಿದ್ದರೆ, ಎರಡು ಬಾರಿಸಿದ್ದರೆ, ಅವನು ಬದುಕಿಕೊಳ್ಳುತ್ತಿದ್ದ. ಅವಳು ಒಂದು ಮಾತೂ ಆಡಲಿಲ್ಲ. ಮೊದಲಿನ ಹಾಗೇ ನಮ್ಮ ಬಟ್ಟೆ ಇಸ್ತ್ರಿ ಮಾಡಿಕೊಟ್ಟಳು. ಇವನು ಡಿಪೋಗೆ ಹೋಗುತ್ತಾನೆ, ಬರುತ್ತಾನೆ, ತಟ್ಟೆಯಲ್ಲಿ ಹಾಕಿದ್ದನ್ನು ಕೆದಕಿ ಎದ್ದುಬಿಡುತ್ತಾನೆ. ಬೀದಿಯವರು ಕೂಗಿದರೆ ಮೆಕ್ಯಾನಿಕ್ ಹತ್ತಿರ ಹೋಗಿ ಎನ್ನುತ್ತಾನೆ. ನಾನು ಬೈದರೂ ಎದುರು ಮಾತಿಲ್ಲ. ಎದುರು ಮಾತಾಡದ ತಮ್ಮನನ್ನು ಬೈಯುವುದು ಎಂಥ ಸಂಕಟ ಎಂದು ನನಗೊಬ್ಬಳಿಗೇ ಗೊತ್ತು.

ಸ್ವಲ್ಪ ದಿನದ ಮೇಲೆ ಇಸ್ತ್ರಿ ಅಮ್ಮ ಸಂಜೆ ಕೆಲಸ ಮುಗಿಸಿ ನಮ್ಮ ಮನೆಗೆ ಸುದ್ದಿ ನೋಡಲು ಬರತೊಡಗಿದಳು. ಅವಳ ಮನೆಯಲ್ಲಿ ಟಿ.ವಿ. ಇಲ್ಲ. ಆ ದೇಶದ ಯುದ್ಧ ತೋರಿಸಿದಾಗ ಕುರ್ಚಿಯ ತುದಿಗೆ ಬರುತ್ತಿದ್ದಳು. ಪರದೆಯ ಮೇಲೆ ಕ್ಯಾರಿಯರ್ ಹಾದುಹೋದರೆ ಸಾಕು, ಇವನ ಕಡೆ ತಿರುಗಿ, "ಇದರಲ್ಲಿದೆಯಾ?" ಎನ್ನುವಳು. ಅವನು "ಇಲ್ಲ ದೊಡ್ಡಮ್ಮ, ಇದರಲ್ಲಿಲ್ಲ" ಎನ್ನುವನು. ಅವನಿಗೆ ಗೊತ್ತಾಗಿ ಹೇಳುತ್ತಿದ್ದನೋ, ಸುಳ್ಳು ಕಲಿತಿದ್ದನೋ ನಾನು ಕೇಳಲಿಲ್ಲ. ಟಿ.ವಿ. ಕೆಟ್ಟಿದೆ ಎಂದು ಹೇಳಿಬಿಡು ಎಂದರೆ, "ಬೇಡ, ಅವರು ಕೇಳಲಿ" ಎನ್ನುತ್ತಿದ್ದ.

ನಿನ್ನೆ ಸಂಜೆ ಒಂದು ಕ್ಯಾರಿಯರ್ ರಸ್ತೆಯ ಪಕ್ಕ ವಾಲಿಕೊಂಡು ಉರಿಯುತ್ತಿರುವುದನ್ನು ತೋರಿಸಿದರು. ಹಿಂಬಾಗಿಲು ತೆರೆದಿತ್ತು. ಇಬ್ಬರು ಹುಡುಗರು ಮೂರನೆಯವನನ್ನು ತೋಳು ಹಿಡಿದು ಎಳೆಯುತ್ತಿದ್ದರು, ಅವನ ಕಾಲು ನೆಲಕ್ಕೆ ಉಜ್ಜುತ್ತಿತ್ತು. ಇಸ್ತ್ರಿ ಅಮ್ಮ ಇದರಲ್ಲಿದೆಯಾ ಎಂದು ಕೇಳಲಿಲ್ಲ. ನೋಡುತ್ತಲೇ ಇದ್ದು, ನನ್ನ ತಮ್ಮನ ಮೊಣಕಾಲಿನ ಮೇಲೆ ಕೈಯಿಟ್ಟಳು.

"ಮಗಾ, ಡ್ರೈವರ್ ಬದುಕಿದಾನಾ ನೋಡು. ಅವನು ಬದುಕಿದ್ರೆ, ನಿನ್ನ ಹಾಗೆ ಆ ಹುಡುಗನ ತಾಯಿಗೆ ಬಂದು ಹೇಳೋಕೆ ಒಬ್ಬನಾದ್ರೂ ಇರ್ತಾನೆ."

ತಮ್ಮ ಎದ್ದು ಹೋಗಿ ಪರದೆಗೆ ಮುಖ ತಾಗುವ ಹಾಗೆ ನಿಂತು ಹುಡುಕತೊಡಗಿದ. ಅಷ್ಟರಲ್ಲಿ ಬೇರೆ ಸುದ್ದಿ ಬಂದಿತ್ತು. ಅವನು ಹುಡುಕುತ್ತಲೇ ಇದ್ದ.