ಈನಕ್ ಟಾರ್ಡಫ್‌ನ ಬಲಗೈ

ಬ್ರಾಡ್‌ಫರ್ಡ್‌ನ ನಮ್ಮ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದ ಈನಕ್ ಟಾರ್ಡಫ್‌ನಷ್ಟು ಹಟಮಾರಿಯನ್ನು ನಾನು ಕಂಡಿಲ್ಲ. ಮೂಲಪ್ರತಿಯನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳುವುದು ನನ್ನ ಕೆಲಸ. ಚಿಹ್ನೆಗಳನ್ನೂ ಓದಬೇಕು. ಕಾಮಾ, ಕಾಮಾ ಅಂದು ಅಂದು ನನಗೆ ಕನಸಿನಲ್ಲೂ ಅದೇ.

ಎರಡು ಪೂರ್ತಿ ವಾಕ್ಯಗಳನ್ನು 'ಬಟ್' ಅಥವಾ 'ಆಂಡ್' ಜೋಡಿಸಿದರೆ ಅದರ ಹಿಂದೆ ಕಾಮಾ ಇರಲೇಬೇಕು. ಮುಂದಿರುವುದು ಬರೀ ತುಂಡು ಮಾತಾದರೆ ಇರಕೂಡದು. ಬರೆದವನು ಪಾದ್ರಿಯಾಗಲಿ ಮೇಯರ್ ಆಗಲಿ, ಈನಕ್ ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಅವನ ಒಂದೊಂದು ಗುರುತಿಗೂ ಅಚ್ಚಿನ ಮೊಳೆ ಜೋಡಿಸುವವರು ಸಾಲನ್ನೇ ಬಿಚ್ಚಿ ಮತ್ತೆ ಕೂಡಿಸಬೇಕು, ಅದೂ ಸಂಜೆ ಸೀಟಿ ಊದಿದ ಮೇಲೆ, ತಮ್ಮ ಸ್ವಂತ ಹೊತ್ತಿನಲ್ಲಿ.

ಆ ವರ್ಷ ಮೊಳೆ ಜೋಡಿಸುವ ಜೇಬೆಜ್ ಹೇಗ್‌ನ ಹೆಂಡತಿ ಕ್ಷಯದಿಂದ ಹಾಸಿಗೆ ಹಿಡಿದಿದ್ದಳು. ಫೆಬ್ರವರಿಯ ಒಂದು ಸಂಜೆ ಅವನು ಕರಡು ಹಿಡಿದು ನಮ್ಮ ಕೋಣೆಗೆ ನುಗ್ಗಿದ. ಇನ್ನೊಂದು ಕೈಯಲ್ಲಿ ಮೊಳೆಗಳನ್ನು ಸಮ ಮಾಡುವ ಮರದ ಕೊಡತಿ.

"ಎಷ್ಟಯ್ಯಾ ಇವು?"

"ಹದಿನಾಲ್ಕು."

"ಮನೇಲಿ ಅವಳೊಬ್ಳೇ ರಕ್ತ ಕಾರ್ತಾ ಇದಾಳೆ. ಇವತ್ತೊಂದಿನ ಬಿಟ್ಬಿಡು."

"ಬೆಳಿಗ್ಗೆ ಅಚ್ಚಿಗೆ ಹೋಗ್ಬೇಕು ಜೇಬೆಜ್."

"ಕಾಮಾ ಇಲ್ದಿದ್ರೆ ಯಾರ್ ಸಾಯ್ತಾರೆ?"

"ಯಾರೂ ಸಾಯಲ್ಲ. ಆದ್ರೂ ಹಾಕು."

ಕೊಡತಿ ಈನಕ್‌ನ ಬಲಗೈಯ ಮೇಲೆ ಬಿತ್ತು. ಒಣ ಸೌದೆ ಮುರಿದ ಹಾಗೆ ಸದ್ದಾಯಿತು. ಅದೇ ಬೆರಳುಗಳ ಮೇಲೆ ಎರಡನೇ ಏಟು, ಮೂರನೇ ಏಟು. ನಾನು ಜೇಬೆಜ್‌ನ ತೋಳಿಗೆ ಜೋತುಬಿದ್ದೆ. ಅವನು ಕೊಡವಿದ ರಭಸಕ್ಕೆ ನನ್ನ ಹಲ್ಲೊಂದು ಮುರಿಯಿತು. ಕರಡಿನ ಮೇಲೆಲ್ಲ ಶಾಯಿ, ರಕ್ತ. ಆ ಹಾಳೆ ಹದಿನಾಲ್ಕು ಕಾಮಾ ಇಲ್ಲದೆಯೇ ಅಚ್ಚಾಯಿತು.

ಕೆಲಸಗಾರರ ಜಗಳ ಧಣಿಯ ಕಿವಿಗೆ ಹೋಗಕೂಡದು, ಅದು ನಮ್ಮ ಕಟ್ಟಳೆ. ಮೊಳೆ ಬಿಗಿಯುವ ಕಬ್ಬಿಣದ ಚೌಕಟ್ಟು ಕೈಮೇಲೆ ಬಿತ್ತು ಎಂದು ಧಣಿಗೆ ಹೇಳಿದ ಈನಕ್. ಜೇಬೆಜ್‌ನ ಕೆಲಸ ಉಳಿಯಿತು, ಹೆಂಡತಿ ಉಳಿಯಲಿಲ್ಲ. ಈನಕ್ ಎಡಗೈಯಲ್ಲಿ ಬರೆಯಲು ಕಲಿತು ಅದೇ ಜೇಬೆಜ್‌ನ ಕರಡಿಗೆ ಮತ್ತೆ ಕಾಮಾ ಹಾಕತೊಡಗಿದ. ನನಗೆ ಅವನ ಮೇಲೆ ಈಗಲೂ ಸಿಟ್ಟಿದೆ. ಒಂದು ಸಂಜೆ ಬಿಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಒಂಬತ್ತು ವರ್ಷ ಇಬ್ಬರೂ ಮಾತಾಡಲಿಲ್ಲ.

ಕಸುಬು ಬಿಟ್ಟು ಹೋಗುವವನನ್ನು ನಮ್ಮಲ್ಲಿ ಎಲ್ಲರೂ ಕೊಡತಿಯಿಂದ ಕಬ್ಬಿಣದ ಮೇಜು ಬಡಿದು ಸದ್ದೆಬ್ಬಿಸಿ ಕಳಿಸುತ್ತೇವೆ. ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಮೊದಲ ಏಟು ಹಿರಿಯನದು. ಈನಕ್‌ನ ಕೆಲಸದ ಕೊನೆಯ ದಿನ ಆ ಹಿರಿಯ ಜೇಬೆಜ್ ಆಗಿದ್ದ.

ಈನಕ್ ಬಾಗಿಲಲ್ಲಿ ಟೋಪಿ ಹಿಡಿದು ನಿಂತಿದ್ದ. ಜೇಬೆಜ್ ಮೇಜಿಗೆ ಬಡಿದ. ಟೋಪಿ ನೆಲಕ್ಕೆ ಬಿತ್ತು. ಈನಕ್ ಸೊಟ್ಟ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಗೋಡೆಗೆ ಒತ್ತಿಕೊಂಡ. ನಾವೆಲ್ಲ ಎತ್ತಿದ ಕೊಡತಿಗಳನ್ನು ಇಳಿಸಿದೆವು.

ಜೇಬೆಜ್ ತನ್ನ ಕೊಡತಿಯನ್ನು ಒಲೆಯೊಳಗೆ ಎಸೆದ. ಬರಿಗೈ ಮುಷ್ಟಿ ಕಟ್ಟಿ ಕಬ್ಬಿಣದ ಮೇಜನ್ನು ಗುದ್ದಿದ. ಮತ್ತೆ ಗುದ್ದಿದ. ಗೆಣ್ಣು ಒಡೆದು ಮೂಳೆ ಕಂಡಿತು.

"ಸಾಕು ಬಿಡೋ," ಎಂದ ಈನಕ್.

"ಇನ್ನೂ ಹದಿನಾಲ್ಕು ಆಗಿಲ್ಲ, ಟಾರ್ಡಫ್."

ನಾನು ಎಣಿಸುತ್ತಿದ್ದೆ. ಹದಿನಾಲ್ಕೂ ಹಾಕಿದ.